ಸರ್ ಎಂ. ವಿಶ್ವೇಶ್ವರಯ್ಯ: ಮಾಡಿ ಕಲಿತವರ ಜೀವನ, ಮಾಡಿಸಿ ಕಲಿಸುವವರಿಗೆ ಪಾಠ

ಪ್ರತಿ ವರ್ಷ ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಶಾಲಾ ಕಾಲೇಜುಗಳಲ್ಲಿ ಎಂಜಿನಿಯರುಗಳ ದಿನಾಚರಣೆ ನಡೆಯುತ್ತದೆ. ಮೈಸೂರು ಪೇಟ ಧರಿಸಿದ ಭಾವಚಿತ್ರಕ್ಕೆ ಹಾರ ಹಾಕಿ, ಸರ್ಕಾರದ ಮೇಣದಬತ್ತಿ ಮತ್ತು ಸ್ವಂತ ಮೇಣದಬತ್ತಿಯ ಕಥೆಯನ್ನು ಒಬ್ಬ ವಿದ್ಯಾರ್ಥಿಯ ಬಾಯಲ್ಲಿ ಹೇಳಿಸಿ, ಸಿಹಿ ಹಂಚಿ ಕಾರ್ಯಕ್ರಮ ಮುಗಿಸುತ್ತೇವೆ. ಆ ಕಥೆ ಮಕ್ಕಳಿಗೆ ಬೇಕಾದದ್ದೇ. ಆದರೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹಗಲು ಹೊತ್ತಿನಲ್ಲಿ ಏನು ಕೆಲಸ ಮಾಡಿದರು, ಅದನ್ನು ಹೇಗೆ ಮಾಡಿದರು ಎಂಬುದು ಮೇಣದಬತ್ತಿಯ ಬೆಳಕಿಗೆ ಕಾಣದೆ ಉಳಿದುಬಿಡುತ್ತದೆ.

ನಮ್ಮ ಜಿಲ್ಲೆಯವರಿಗೆ ಅವರು ದೂರದವರಲ್ಲ. ಹಿಂದೆ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿ ಕೈಗಾರಿಕೆಯ ಊರಾದದ್ದು ಅವರ ಯೋಜನೆಯಿಂದ. ಈ ಸಂಚಿಕೆಯನ್ನು ಕೈಗೆತ್ತಿಕೊಳ್ಳುವ ಎಷ್ಟೋ ಮನೆಗಳ ಹಿರಿಯರು ಅಲ್ಲಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅದೇ ಮನೆಗಳ ಮಕ್ಕಳು ಇಂದು ಡಿಪ್ಲೊಮಾ, ಬಿಸಿಎ, ಬಿ.ಇ. ಎಂದು ಕಂಪ್ಯೂಟರ್ ಓದುತ್ತಿದ್ದಾರೆ. ಅವರ ಕೊನೆಯ ವರ್ಷದ ಪ್ರಾಜೆಕ್ಟಿನ ವಿಷಯ ಬಂದಾಗ ಮಾತ್ರ ಮನಸ್ಸಿಗೆ ಬೇಸರವಾಗುತ್ತದೆ. ಸಿದ್ಧವಾದ ಪ್ರೋಗ್ರಾಮು, ಸಿದ್ಧವಾದ ವರದಿ, ಮೇಲೆ ಚಿನ್ನದ ಅಕ್ಷರದ ಬೈಂಡಿಂಗ್, ಎಲ್ಲವೂ ಒಂದೇ ಕಡೆ ದುಡ್ಡಿಗೆ ಸಿಗುತ್ತವೆ. ಅದೇ ಗ್ರಂಥಾಲಯ ನಿರ್ವಹಣಾ ವ್ಯವಸ್ಥೆ, ಅದೇ ಆಸ್ಪತ್ರೆ ನಿರ್ವಹಣಾ ವ್ಯವಸ್ಥೆ ವರ್ಷದಿಂದ ವರ್ಷಕ್ಕೆ ಹೆಸರು ಬದಲಿಸಿಕೊಂಡು ಬರುತ್ತದೆ. ಇದರಲ್ಲಿ ಮಕ್ಕಳ ತಪ್ಪಿಗಿಂತ ಅಸೈನ್‌ಮೆಂಟಿನ ತಪ್ಪು ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಕೊಂಡು ತಂದು ಒಪ್ಪಿಸಬಹುದಾದ ಕೆಲಸವನ್ನು ಕೊಟ್ಟರೆ ಕೊಂಡು ತರುವವರು ಇದ್ದೇ ಇರುತ್ತಾರೆ.

ಉರ್ದು, ಕನ್ನಡ ಕಲಿಸುವವರಿಗೆ ಸಾಫ್ಟ್‌ವೇರಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಸಾಫ್ಟ್‌ವೇರು ಅವರ ವಿಷಯ, ಅಸೈನ್‌ಮೆಂಟು ರೂಪಿಸುವುದು ಎಲ್ಲ ಶಿಕ್ಷಕರ ವಿಷಯ. ಬಿ.ಎಡ್. ತರಗತಿಯಲ್ಲಿ ಯೋಜನಾ ಪದ್ಧತಿಯನ್ನು ಓದಿದವರಿಗೆ ಅಮೆರಿಕದ ಕಿಲ್‌ಪ್ಯಾಟ್ರಿಕ್ ಎಂಬ ಶಿಕ್ಷಣತಜ್ಞರ ಹೆಸರು ನೆನಪಿರುತ್ತದೆ. ಉದ್ದೇಶವಿಟ್ಟುಕೊಂಡು ಮಾಡುವ ಕೆಲಸದ ಮೂಲಕವೇ ಮಗು ಕಲಿಯಬೇಕೆಂಬ ಅವರ ಪ್ರಸಿದ್ಧ ಲೇಖನ ಪ್ರಕಟವಾದದ್ದು 1918ರಲ್ಲಿ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾದದ್ದೂ ಅದೇ ವರ್ಷ.

ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಎಂಬ ಮಾತು ಎಲ್ಲ ಓದುಗರಿಗೂ ಪರಿಚಯವಿರಲಿಕ್ಕಿಲ್ಲ. ಮನೆ ಕಟ್ಟುವಾಗ ಇಟ್ಟಿಗೆ ಜೋಡಿಸುವ ಕೆಲಸ ಒಂದು. ಅಡುಗೆಮನೆ ಎಲ್ಲಿರಬೇಕು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು, ಮುಂದೆ ಮಹಡಿ ಏರಿಸುವುದಾದರೆ ಈಗ ಕಂಬ ಎಷ್ಟು ದಪ್ಪ ಇರಬೇಕು ಎಂದು ತೀರ್ಮಾನಿಸುವುದು ಇನ್ನೊಂದು. ಸಾಫ್ಟ್‌ವೇರಿನಲ್ಲಿ ಈ ಎರಡನೆಯ ಕೆಲಸಕ್ಕೆ ಆರ್ಕಿಟೆಕ್ಚರ್ ಎನ್ನುತ್ತಾರೆ. ಯಾವ ಭಾಗ ಯಾವುದನ್ನು ಅವಲಂಬಿಸಿದೆ, ಯಾವುದು ಕೆಟ್ಟರೆ ಯಾವುದು ನಿಲ್ಲುತ್ತದೆ, ನಾಳೆ ಯಾವುದನ್ನು ಬದಲಿಸಬೇಕಾದೀತು ಎಂಬ ಒಟ್ಟು ವಿಚಾರ ಅದು. ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತು 1998ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ತಾಂತ್ರಿಕ ವಿಶ್ವವಿದ್ಯಾಲಯದ 2010ರ ಪಠ್ಯಕ್ರಮದಲ್ಲಿ ಇದು ಎಂಟನೇ ಸೆಮಿಸ್ಟರಿನ ಒಂದು ವಿಷಯವಾಗಿತ್ತು. ಇಂಥ ವಿಷಯವನ್ನು ಟಿಪ್ಪಣಿ ಬರೆಸಿ ಕಲಿಸುವುದೆಂದರೆ ಈಜನ್ನು ಕಪ್ಪುಹಲಗೆಯ ಮೇಲೆ ಕಲಿಸಿದಂತೆ. ಮಾಡಿಸಿಯೇ ಕಲಿಸಬೇಕು. ಏನು ಮಾಡಿಸಬೇಕು ಎಂಬ ಪ್ರಶ್ನೆಗೆ ವಿಶ್ವೇಶ್ವರಯ್ಯನವರ ಜೀವನಕ್ಕಿಂತ ಒಳ್ಳೆಯ ಪಠ್ಯ ನನಗೆ ಕಂಡಿಲ್ಲ. ಅವರ ಜೀವನವೇ ಒಂದರ ಮೇಲೊಂದು ಬಂದ ಕಠಿಣ ಅಸೈನ್‌ಮೆಂಟುಗಳ ಸರಣಿ.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ಅವರು ಚಿಕ್ಕ ವಯಸ್ಸಿನಲ್ಲೇ ತಂದೆ ಶ್ರೀನಿವಾಸ ಶಾಸ್ತ್ರಿಗಳನ್ನು ಕಳೆದುಕೊಂಡರು. ತಾಯಿ ವೆಂಕಟಲಕ್ಷ್ಮಮ್ಮನವರ ಆಸರೆಯಲ್ಲಿ ಬೆಳೆದು, ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು, ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾದರು. ವಿದ್ಯಾರ್ಥಿವೇತನ ಕೊಡುವ ಸಂಘಗಳವರು ಇದನ್ನು ಗಮನಿಸಬೇಕು. ಆ ವೇತನ ಸಿಗದೆ ಹೋಗಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಖಾನ್‌ದೇಶದಲ್ಲಿ ನದಿ ದಾಟಿಸಿ ನೀರಿನ ಕೊಳವೆ ಹಾಯಿಸಿದ್ದು ಮೊದಲ ವರ್ಷಗಳ ಕೆಲಸ. 1890ರ ದಶಕದಲ್ಲಿ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುವ ಹೊಣೆ ಬಿತ್ತು. ಸಿಂಧೂ ನದಿಯ ನೀರು ಕೆಸರು. ಶೋಧಿಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ನೀರು ಮರಳಿನ ಮೂಲಕ ತಾನೇ ಸೋಸಿಕೊಂಡು ಬಾವಿಗೆ ಬರುವಂತೆ ಮಾಡಿ, ಅಲ್ಲಿಂದ ಮೇಲೆತ್ತಿಸಿದರು. ಇಲ್ಲದ ಹಣವೇ ಅವರಿಂದ ಹೊಸ ವಿಚಾರ ಮಾಡಿಸಿತು. ಅಸೈನ್‌ಮೆಂಟು ಕೊಡುವ ಉಪನ್ಯಾಸಕರು ಇಂಥ ಒಂದು ಇಲ್ಲವನ್ನು ಪ್ರಶ್ನೆಯಲ್ಲೇ ಇಡಬೇಕು: ಒಂದೇ ಹಳೆಯ ಕಂಪ್ಯೂಟರ್ ಇದೆ, ದಿನಕ್ಕೆ ಎರಡು ಗಂಟೆ ಕರೆಂಟು ಇಲ್ಲ, ಬಳಸುವವರಿಗೆ ಇಂಗ್ಲಿಷ್ ಬಾರದು. ಎಲ್ಲ ಅನುಕೂಲಗಳೂ ಇವೆ ಎಂದುಕೊಂಡು ಮಾಡಿದ ವಿನ್ಯಾಸದಲ್ಲಿ ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದ ಕೆಲಸ ಇನ್ನೂ ಸ್ವಾರಸ್ಯಕರ. ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿ ಬಿದ್ದು ವ್ಯರ್ಥವಾಗುತ್ತಿತ್ತು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಹಳೆಯ ಅಣೆಕಟ್ಟನ್ನು ಒಡೆಯದೆ, ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಬೇಕಿತ್ತು. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿ 1903ರಲ್ಲಿ ಅಳವಡಿಸಿದರು. ನೀರು ನಿಗದಿತ ಮಟ್ಟ ಮೀರಿದರೆ ಬಾಗಿಲು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಈ ವಿನ್ಯಾಸಕ್ಕೆ ಅವರು ಪೇಟೆಂಟ್ ಪಡೆದಿದ್ದರು. ಮುಂದೆ ಗ್ವಾಲಿಯರಿನ ಟಿಗ್ರಾ ಅಣೆಕಟ್ಟಿನಲ್ಲೂ ನಮ್ಮ ಕೃಷ್ಣರಾಜಸಾಗರದಲ್ಲೂ ಇಂಥ ಬಾಗಿಲುಗಳು ಬಂದವು.

ಕಂಪನಿಗಳಿಗೆ ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳು ರಜೆಗೆ ಬಂದಾಗ ಹೇಳುವ ಮಾತು ಒಂದೇ: ಅಲ್ಲಿ ಹೊಸ ಪ್ರೋಗ್ರಾಮು ಬರೆಯುವುದು ಕಡಿಮೆ, ಬೇರೆಯವರು ಬರೆದು ಹೋದ ಹಳೆಯದಕ್ಕೆ ಏನಾದರೂ ಸೇರಿಸುವುದೇ ಹೆಚ್ಚು. ಆದರೆ ಕಾಲೇಜಿನಲ್ಲಿ ಎಲ್ಲರೂ ಖಾಲಿ ಹಾಳೆಯಿಂದಲೇ ಆರಂಭಿಸುತ್ತಾರೆ. ಹಿಂದಿನ ವರ್ಷದವರು ಮಾಡಿಟ್ಟ, ನಡೆಯುತ್ತಿರುವ ಒಂದು ಕೆಲಸವನ್ನು ಕೈಗೆ ಕೊಟ್ಟು, ಒಳಗಿನದನ್ನು ಒಡೆಯದೆ ಇಂಥದ್ದೊಂದು ಸೌಲಭ್ಯ ಸೇರಿಸಿ ಎಂದು ಹೇಳಿದರೆ ಅದು ಖಡಕ್‌ವಾಸ್ಲಾದ ಅಸೈನ್‌ಮೆಂಟು ಆಗುತ್ತದೆ. ಅದನ್ನು ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ.

1908ರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆಯನ್ನು ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಹರಿದು ಸಾವಿರಾರು ಜನ ಸತ್ತರು, ನಗರದ ಬಹುಭಾಗ ನೆಲಸಮವಾಯಿತು. ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಸಲಹೆಗಾರ ಎಂಜಿನಿಯರರಾಗಿ ಕರೆಸಿಕೊಂಡಿತು. ನೀರು ನುಗ್ಗಿದ್ದು ನಗರಕ್ಕೆ. ಆದ್ದರಿಂದ ನಗರದ ದಡದಲ್ಲಿ ಗೋಡೆ ಎತ್ತರಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಅವರು ಮೊದಲು ಮಾಡಿದ್ದು ಲೆಕ್ಕ. ನದಿಯ ಮೇಲ್ಭಾಗದಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ಹೊತ್ತಿನಲ್ಲಿ ಬಿತ್ತು, ಅಲ್ಲಿ ಎಷ್ಟು ಕೆರೆಗಳಿದ್ದವು, ಅವುಗಳಲ್ಲಿ ಎಷ್ಟು ಒಡೆದವು ಎಂದೆಲ್ಲ ವಿವರ ಕಲೆಹಾಕಿದರು. ನಗರದೊಳಗೆ ದಂಡೆ, ಚರಂಡಿಗಳ ಸುಧಾರಣೆಯನ್ನೂ ಸೂಚಿಸಿದರು. ಆದರೆ ಅವರ ಮುಖ್ಯ ಸಲಹೆ ನಗರದಿಂದ ದೂರದಲ್ಲಿ, ಮೇಲ್ಭಾಗದಲ್ಲಿ, ಮೂಸಿ ಮತ್ತು ಅದರ ಉಪನದಿ ಈಸಿಗೆ ಒಂದೊಂದು ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ತಡೆದು ನಿಧಾನವಾಗಿ ಬಿಡಬೇಕೆಂಬುದಾಗಿತ್ತು. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಪ್ರವಾಹ ತಡೆಯುವ ಕಟ್ಟೆಗಳೇ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ಮನೆಗಳಲ್ಲಿ ನಡೆಯುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಫಲಿತಾಂಶದ ಸಮಯ ಬಂದೊಡನೆ ರಾಜ್ಯದ ಲಕ್ಷಾಂತರ ಮಕ್ಕಳು ಒಮ್ಮೆಲೇ ಒಂದೇ ಪುಟವನ್ನು ತೆರೆಯುತ್ತಾರೆ. ಪುಟ ಸುತ್ತುತ್ತಲೇ ಇರುತ್ತದೆ, ಮಗು ಅಳುವುದಕ್ಕೆ ಆರಂಭಿಸುತ್ತದೆ. ಇದೂ ಒಂದು ಪ್ರವಾಹವೇ. ವಿದ್ಯಾರ್ಥಿಗಳಿಗೆ ಇದನ್ನೇ ಅಸೈನ್‌ಮೆಂಟಾಗಿ ಕೊಡಬಹುದು. ಮೊದಲ ವಾರ ಒಂದು ಸಾಲೂ ಪ್ರೋಗ್ರಾಮು ಬರೆಯಬಾರದು. ಎಷ್ಟು ಜನ ಬರುತ್ತಾರೆ, ಯಾವ ನಿಮಿಷದಲ್ಲಿ ಬರುತ್ತಾರೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬ ಲೆಕ್ಕ ಮಾತ್ರ. ಆಮೇಲೆ ಎಲ್ಲಿ ತಡೆದು ನಿಲ್ಲಿಸಬಹುದು ಎಂದು ಕೇಳಬೇಕು. ಫಲಿತಾಂಶ ಒಮ್ಮೆ ಪ್ರಕಟವಾದ ಮೇಲೆ ಆ ಗಂಟೆಯಲ್ಲಿ ಬದಲಾಗುವಂಥದ್ದಲ್ಲ. ಆದ್ದರಿಂದ ಪ್ರತಿಯೊಬ್ಬರಿಗೂ ಮೂಲ ಕೋಶದಿಂದ ಹುಡುಕಿ ತೆಗೆಯುವ ಬದಲು ಮೊದಲೇ ಸಿದ್ಧಪಡಿಸಿದ ಪುಟಗಳನ್ನು ಹಲವು ಕಡೆ ಇಡಬಹುದು, ಬಂದವರನ್ನು ಸರತಿಯಲ್ಲಿ ನಿಲ್ಲಿಸಬಹುದು, ಮೊಬೈಲ್ ಸಂದೇಶದಲ್ಲಿ ಕಳಿಸಬಹುದು. ಯಾವುದಕ್ಕೆ ಎಷ್ಟು ಖರ್ಚು, ಯಾವುದರಲ್ಲಿ ಯಾವ ಅಪಾಯ ಎಂದು ವಿದ್ಯಾರ್ಥಿ ಲೆಕ್ಕ ತೋರಿಸಿ ವಾದಿಸಬೇಕು. ಗೋಡೆ ಎತ್ತರಿಸುತ್ತೇನೆ, ಅಂದರೆ ಇನ್ನೂ ದೊಡ್ಡ ಕಂಪ್ಯೂಟರ್ ಕೊಳ್ಳುತ್ತೇನೆ ಎಂದವರಿಗೂ ಅಂಕವಿರಲಿ, ಲೆಕ್ಕ ಸರಿಯಿದ್ದರೆ.

1909ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರರಾಗಿ ತವರಿಗೆ ಬಂದರು. ಕನ್ನಂಬಾಡಿಯ ಕೆಲಸ 1911ರಲ್ಲಿ ಆರಂಭವಾಯಿತು. ಆ ಸ್ಥಳದಲ್ಲೇ ಟಿಪ್ಪು ಸುಲ್ತಾನರ ಕಾಲದ ಪರ್ಷಿಯನ್ ಶಾಸನವೊಂದು ಸಿಕ್ಕಿ, ಅದನ್ನು ಅಣೆಕಟ್ಟಿನ ಬಳಿ ಇರಿಸಲಾಗಿದೆ. ಉರ್ದು ಓದಬಲ್ಲ ವಿದ್ಯಾರ್ಥಿಗಳು ಅಲ್ಲಿಗೆ ಪ್ರವಾಸ ಹೋದಾಗ ಉದ್ಯಾನದ ಕಾರಂಜಿಯ ಜೊತೆಗೆ ಅದನ್ನೂ ನೋಡಿ ಬರಬೇಕು. ಮದ್ರಾಸ್ ಸರ್ಕಾರದ ಆಕ್ಷೇಪದಿಂದಾಗಿ ಮೈಸೂರಿಗೆ ಆಗ ಸಿಕ್ಕಿದ್ದು 80 ಅಡಿ ಎತ್ತರದ ಮೊದಲ ಹಂತಕ್ಕೆ ಮಾತ್ರ ಒಪ್ಪಿಗೆ. ಆದರೆ ಅಡಿಪಾಯವನ್ನು ಮುಂದಿನ ದೊಡ್ಡ ಅಣೆಕಟ್ಟಿಗೆ ಬೇಕಾಗುವಷ್ಟು ಅಗಲವಾಗಿ ಹಾಕಲಾಯಿತು. ಒಪ್ಪಿಗೆ ಬಂದ ಮೇಲೆ ಅದರ ಮೇಲೆಯೇ ಕಟ್ಟೆ ಏರಿತು. 1930ರ ದಶಕದ ಆರಂಭದ ಹೊತ್ತಿಗೆ ಅಣೆಕಟ್ಟು ಪೂರ್ಣಗೊಂಡಾಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್ ಸಾಹೇಬರು. ಇಂದು 124 ಅಡಿ ತುಂಬಿತೆಂದು ಪತ್ರಿಕೆಯಲ್ಲಿ ಓದಿ ನಾವು ಸಂತೋಷಪಡುವ ನೀರು ಆ ಅಡಿಪಾಯದ ಮೇಲೆ ನಿಂತಿದೆ.

ಇದನ್ನೂ ಅಸೈನ್‌ಮೆಂಟು ಮಾಡಬಹುದು, ನಮ್ಮದೇ ಒಂದು ಅಗತ್ಯವನ್ನು ಇಟ್ಟುಕೊಂಡು. ನಮ್ಮಂಥ ಸಂಘಗಳು ಪ್ರತಿ ವರ್ಷ ವಿದ್ಯಾರ್ಥಿವೇತನದ ಅರ್ಜಿ ಪಡೆಯುತ್ತವೆ. ಮೊದಲು ಒಂದೇ ಶಾಲೆಯ ಪಟ್ಟಿಗಾಗಿ ಒಂದು ವ್ಯವಸ್ಥೆ ಮಾಡಿ ಎಂದು ಹೇಳಬೇಕು. ಮೂರು ವಾರ ಕಳೆದು ಅದು ನಡೆಯತೊಡಗಿದ ಮೇಲೆ ಎರಡನೆಯ ಕಾಗದ ಕೊಡಬೇಕು: ಈಗ ಹತ್ತು ಶಾಲೆಗಳಿವೆ, ಭದ್ರಾವತಿಯ ಅರ್ಜಿಗಳೂ ಸೇರಿವೆ, ಹೆಸರು ಕನ್ನಡದಲ್ಲೂ ಉರ್ದುವಿನಲ್ಲೂ ಬರಬೇಕು. ಭಾಷಾ ಶಿಕ್ಷಕರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ, ಉರ್ದುವಿನ ಸಾಲಿನಲ್ಲೇ ಬರುವ ಅಂಕಿಗಳು ಮತ್ತೆ ಎಡದಿಂದ ಬಲಕ್ಕೆ. ಅಕಾರಾದಿ ಕ್ರಮ ಎರಡರಲ್ಲೂ ಬೇರೆ. ಒಬ್ಬಳೇ ಹುಡುಗಿ ಒಂದು ದಾಖಲೆಯಲ್ಲಿ ಆಯಿಶಾ, ಇನ್ನೊಂದರಲ್ಲಿ ಆಯೇಷಾ, ಮತ್ತೊಂದರಲ್ಲಿ ಐಶಾ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕನ್ನಡ, ಹಳೆಯ ಇನ್‌ಪೇಜಿನಲ್ಲಿ ಮಾಡಿದ ಉರ್ದು, ಎರಡೂ ಕಾಗದದ ಮೇಲೆ ಸುಂದರ. ಆದರೆ ಯುನಿಕೋಡಿಗೆ ಬದಲಿಸದ ಹೊರತು ಬೇರೆ ಪ್ರೋಗ್ರಾಮಿಗೆ ಅವು ಅರ್ಥವಾಗುವುದಿಲ್ಲ, ಹುಡುಕಲೂ ಬರುವುದಿಲ್ಲ. ಮೊದಲ ದಿನವೇ ಅಕ್ಷರಗಳನ್ನು ಯುನಿಕೋಡಿನಲ್ಲಿ ಇಟ್ಟು, ಪ್ರತಿ ಅರ್ಜಿಗೂ ಹೆಸರಿನ ಹೊರತಾದ ಒಂದು ಸಂಖ್ಯೆ ಕೊಟ್ಟವರ ಕೆಲಸ ಎರಡನೆಯ ಕಾಗದ ಬಂದಾಗ ಕುಸಿಯುವುದಿಲ್ಲ. ಹೆಸರನ್ನೇ ಗುರುತಾಗಿಟ್ಟುಕೊಂಡವರು ಎಲ್ಲವನ್ನೂ ಅಗೆದು ತೆಗೆಯಬೇಕಾಗುತ್ತದೆ. ಪರೀಕ್ಷಕರು ಎಣಿಸಬೇಕಾದದ್ದು ಒಂದೇ, ಎರಡನೆಯ ಕಾಗದಕ್ಕಾಗಿ ಎಷ್ಟು ಕಡೆ ಕೈಯಿಡಬೇಕಾಯಿತು ಎಂಬುದು. ಹಾಗೆಂದು ಕೇಳದಿದ್ದ ಸೌಲಭ್ಯಗಳನ್ನೆಲ್ಲ ಮೊದಲೇ ತುಂಬಿದವರಿಗೆ ಹೆಚ್ಚು ಅಂಕ ಕೊಡಬಾರದು. ಕನ್ನಂಬಾಡಿಯಲ್ಲಿ ಅಗಲವಾಗಿ ಹಾಕಿದ್ದು ಅಡಿಪಾಯವನ್ನು ಮಾತ್ರ.

ಇಷ್ಟೆಲ್ಲ ಮಾಡಿಸಲು ಒಂದು ಸೆಮಿಸ್ಟರ್ ಎಲ್ಲಿ ಸಾಕಾಗುತ್ತದೆ, ಅರವತ್ತು ಜನರ ತರಗತಿಯಲ್ಲಿ ಯಾರು ನೋಡುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಕೆಲಸ ದೊಡ್ಡದಿರಬೇಕಾಗಿಲ್ಲ. 1972ರಲ್ಲಿ ಡೇವಿಡ್ ಪಾರ್ನಾಸ್ ಎಂಬ ವಿದ್ವಾಂಸರು ಸಾಲುಗಳ ಪದಸೂಚಿ ತಯಾರಿಸುವ ಒಂದು ಸಣ್ಣ ಪ್ರೋಗ್ರಾಮನ್ನು ಎರಡು ರೀತಿಯಲ್ಲಿ ಭಾಗ ಮಾಡಿ ತೋರಿಸಿದರು. ಒಂದು ತೀರ್ಮಾನ ಬದಲಾದರೆ ಯಾವ ವಿಭಜನೆಯಲ್ಲಿ ಎಷ್ಟು ಭಾಗಗಳನ್ನು ತಿದ್ದಬೇಕು ಎಂಬುದೇ ಅವರ ಅಳತೆಗೋಲಾಗಿತ್ತು. ಈ ವಿಷಯದಲ್ಲಿ ಇಂದಿಗೂ ಓದಿಸುವ ಲೇಖನ ಅದು.

1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದರು. ಆ ಆರು ವರ್ಷಗಳ ಪಟ್ಟಿ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ: 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಅದರ ಜೊತೆಗೆ ಗಂಧದೆಣ್ಣೆ, ಸಾಬೂನು. 1913ರ ಪ್ರಾಥಮಿಕ ಶಿಕ್ಷಣ ಕಾಯಿದೆಯಿಂದ ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿಯಾಯಿತು.

ಒಂದು ವಿಷಯವನ್ನು ಮಾತ್ರ ನಮ್ಮ ಓದುಗರಿಂದ ಮುಚ್ಚಿಡುವುದು ಸರಿಯಲ್ಲ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವ ಬಗ್ಗೆ ಪರಿಶೀಲಿಸಲು ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರು ಅದನ್ನು ಒಪ್ಪಲಿಲ್ಲ. ಅರ್ಹತೆಯೊಂದೇ ಆಧಾರವಾಗಬೇಕು, ಹಿಂದುಳಿದವರನ್ನು ಶಿಕ್ಷಣದಿಂದ ಮೇಲೆತ್ತಬೇಕು ಎಂಬುದು ಅವರ ನಿಲುವು. ಈ ಭಿನ್ನಾಭಿಪ್ರಾಯದ ನಡುವೆ ಅವರು ದಿವಾನಗಿರಿ ಬಿಟ್ಟರು. ಸಮಿತಿಯ ಶಿಫಾರಸಿನಿಂದ ಲಾಭ ಪಡೆದ ಸಮುದಾಯಗಳಲ್ಲಿ ಮುಸ್ಲಿಮರೂ ಇದ್ದರು. ಈ ಒಂದು ವಿಷಯದಲ್ಲಿ ಮಹಾರಾಜರ ನೋಟ ದಿವಾನರ ನೋಟಕ್ಕಿಂತ ದೂರದ್ದಾಗಿತ್ತೆಂದು ನಾನು ಭಾವಿಸುತ್ತೇನೆ. ಓಟದ ಗೆರೆಯೇ ಒಬ್ಬೊಬ್ಬರಿಗೆ ಒಂದೊಂದು ಕಡೆ ಇದ್ದಾಗ ಗಡಿಯಾರ ಹಿಡಿದು ಅರ್ಹತೆ ಅಳೆಯಲಾಗುವುದಿಲ್ಲ. ಉರ್ದು ಮಾಧ್ಯಮದಿಂದ ಡಿಪ್ಲೊಮಾಕ್ಕೆ ಹೋದ ಮಕ್ಕಳು ಇಂಗ್ಲಿಷಿನ ಮೌಖಿಕ ಪರೀಕ್ಷೆಯಲ್ಲಿ ತಲೆ ತಗ್ಗಿಸಿ ನಿಲ್ಲುವುದು ನಮಗೆ ಗೊತ್ತಿದೆ. ಅದೇ ಮಗು ನಕ್ಷೆ ಬರೆದು ತೋರಿಸಬಲ್ಲದು, ಕೆಲಸ ಮಾಡಿ ತೋರಿಸಬಲ್ಲದು. ಪ್ರಾಯೋಗಿಕ ಅಸೈನ್‌ಮೆಂಟಿನಲ್ಲಿ ಇಂಥವರಿಗೆ ಒಂದು ಬಾಗಿಲು ತೆರೆಯುತ್ತದೆ. ಐವರ ತಂಡದಲ್ಲಿ ಚುರುಕಾದ ಒಬ್ಬನೇ ಎಲ್ಲವನ್ನೂ ಮಾಡಿ ಉಳಿದವರು ಹೆಸರು ಹಾಕಿಸಿಕೊಂಡರೆ ಆ ಬಾಗಿಲೂ ಮುಚ್ಚಿಹೋಗುತ್ತದೆ. ಅದಕ್ಕಾಗಿ ಲೆಕ್ಕ ಹಾಕುವವರು, ನಕ್ಷೆ ಬರೆಯುವವರು, ಪ್ರೋಗ್ರಾಮು ಬರೆಯುವವರು, ಪರೀಕ್ಷಿಸುವವರು ಎಂದು ಕೆಲಸ ಹಂಚಿ, ತಿಂಗಳಿಗೊಮ್ಮೆ ಅದಲು ಬದಲು ಮಾಡಿಸಬೇಕು.

ಈಗ ಭದ್ರಾವತಿಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಯೋಜನೆ ಸಿದ್ಧವಾಯಿತು. ಅದಿರು ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಿಂದ, ಸೌದೆ ಸುತ್ತಲಿನ ಮಲೆನಾಡಿನ ಕಾಡುಗಳಿಂದ, ನೀರು ಭದ್ರಾ ನದಿಯಿಂದ. ಸೌದೆಯನ್ನು ಬಯಲಿನಲ್ಲಿ ಸುಟ್ಟು ಇದ್ದಿಲು ಮಾಡಿದರೆ ಹೊಗೆ ಗಾಳಿಗೆ ಹೋಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಬೇಯಿಸಿದರೆ ಇದ್ದಿಲಿನ ಜೊತೆಗೆ ಮರದ ಮದ್ಯಸಾರ, ಸುಣ್ಣದ ಅಸಿಟೇಟು, ಟಾರು ಸಿಗುತ್ತವೆ, ಅವನ್ನು ಮಾರಬಹುದು. ಹೀಗೆ ಒಂದರ ಕಸ ಇನ್ನೊಂದರ ಸರಕಾಗುವಂತೆ ಜೋಡಿಸಿದ್ದರಿಂದಲೇ ಕಾರ್ಖಾನೆಯ ಮೊದಲ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಎಂದಿತ್ತು. 1923ರ ಜನವರಿಯಲ್ಲಿ ಕುಲುಮೆಯಿಂದ ಮೊದಲ ಕಬ್ಬಿಣ ಹೊರಬಂತು.

ಅಷ್ಟರಲ್ಲಿ ಲೋಕ ಬದಲಾಗಿತ್ತು. ಮೊದಲ ಮಹಾಯುದ್ಧದ ಕಾಲದ ಬೆಲೆಯನ್ನು ನೋಡಿ ಹಾಕಿದ ಯೋಜನೆ ಅದು. ಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಬಿದ್ದುಹೋಯಿತು. ಕಾರ್ಖಾನೆ ನಷ್ಟಕ್ಕೆ ಸಿಕ್ಕಿತು. ಇದು ಸಂಸ್ಥಾನಕ್ಕೆ ಹೊರೆ, ಮುಚ್ಚಿಬಿಡಿ ಎಂಬ ಮಾತು ಕೇಳಿಬಂತು. 1923ರಲ್ಲಿ ಅರವತ್ತು ದಾಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿಕೊಂಡು 1929ರವರೆಗೆ ಅದನ್ನು ನಡೆಸಿದರು. ತಾವೇ ರೂಪಿಸಿದ್ದ ವ್ಯವಸ್ಥೆ ಬದಲಾದ ಲೋಕದಲ್ಲಿ ನಿಲ್ಲುವುದೇ ಇಲ್ಲವೇ ಎಂದು ಸ್ವತಃ ಪರೀಕ್ಷಿಸಿಕೊಳ್ಳುವ ಅವಕಾಶ ಎಲ್ಲ ಎಂಜಿನಿಯರರಿಗೂ ಸಿಗುವುದಿಲ್ಲ. ಅವರು ಖರ್ಚಿನ ಪ್ರತಿ ಬಾಬತ್ತನ್ನೂ ಹಿಡಿದು ನೋಡಿದರು. ಹೆಚ್ಚು ಸಂಬಳದ ವಿದೇಶಿ ತಜ್ಞರ ಜಾಗಕ್ಕೆ ಭಾರತೀಯ ಎಂಜಿನಿಯರರನ್ನು ತಂದರು. ಸ್ಥಳೀಯರು ಕೆಲಸ ಮಾಡುತ್ತಲೇ ತರಬೇತಿ ಪಡೆದರು. ಕುಲುಮೆ ಉರಿಯುತ್ತಲೇ ಉಳಿಯಿತು. ಆ ಅಡಿಪಾಯದ ಮೇಲೆ ಮಿರ್ಜಾ ಸಾಹೇಬರ ದಿವಾನಗಿರಿಯ ಕಾಲದಲ್ಲಿ ಉಕ್ಕಿನ ಘಟಕ ಬಂತು, ಸಿಮೆಂಟು ಬಂತು, ಪಕ್ಕದಲ್ಲೇ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು.

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಇಡಬಹುದಾದ ಎಲ್ಲಕ್ಕಿಂತ ದೊಡ್ಡ ಅಸೈನ್‌ಮೆಂಟು ಇದರಲ್ಲಿದೆ. ತಾವು ಕಟ್ಟಿದ ವ್ಯವಸ್ಥೆಯಲ್ಲಿ ಯಾವುದು ಯಾವುದಕ್ಕೆ ಆಹಾರ ಒದಗಿಸುತ್ತದೆ ಎಂದು ಒಂದೇ ಹಾಳೆಯ ಮೇಲೆ ಗೆರೆ ಎಳೆದು ತೋರಿಸಲಿ: ಕಾಡು, ಇದ್ದಿಲು, ಕುಲುಮೆ, ಪೇಟೆ ಎಂಬಂತೆ. ಆಮೇಲೆ ಉಪನ್ಯಾಸಕರು ಒಂದು ಗೆರೆಯನ್ನು ಅಳಿಸಲಿ. ಹಣ ಪಾವತಿಯ ಸೇವೆ ನಿಂತಿದೆ, ಸಂದೇಶ ಕಳಿಸುವ ಕಂಪನಿ ದರ ಮೂರು ಪಟ್ಟು ಮಾಡಿದೆ, ಒಂದು ಕಂಪ್ಯೂಟರ್ ಸುಟ್ಟುಹೋಗಿದೆ. ಈಗ ಏನು ನಡೆಯುತ್ತದೆ, ಏನು ನಿಲ್ಲುತ್ತದೆ? ವಿದ್ಯಾರ್ಥಿವೇತನದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸಂದೇಶ ಹೋಗದಿದ್ದರೂ ಅರ್ಜಿ ಸ್ವೀಕಾರವಾಗಬೇಕು. ಸಂದೇಶ ಹೋಗದ ಕಾರಣ ಅರ್ಜಿಯೇ ಕಳೆದುಹೋದರೆ ಒಬ್ಬ ಬಡ ಹುಡುಗನ ಒಂದು ವರ್ಷ ಹೋಗುತ್ತದೆ. ಈ ಪರೀಕ್ಷೆ ತರಗತಿಯಲ್ಲಿ ನಿಜವಾಗಿ ನಡೆಯಲಿ, ತಂತಿ ಕಿತ್ತು ತೋರಿಸಲಿ. ಅದಾದ ಮೇಲೆ ಪ್ರತಿ ತಂಡವೂ ತನ್ನ ಕೆಲಸವನ್ನು ಪಕ್ಕದ ತಂಡಕ್ಕೆ ಒಪ್ಪಿಸಿ, ಅವರದನ್ನು ತಾನು ನಡೆಸಲಿ. ಕಟ್ಟಿದವರೇ ಪಕ್ಕದಲ್ಲಿ ಕೂತು ವಿವರಿಸುವವರೆಗೆ ಯಾವ ವಿನ್ಯಾಸದ ದೋಷವೂ ಹೊರಬರುವುದಿಲ್ಲ.

ಒಪ್ಪಿಸುವಾಗ ಬೇಕಾಗುವುದು ಬರಹ. ವಿಶ್ವೇಶ್ವರಯ್ಯನವರು ಪ್ರತಿ ಯೋಜನೆಗೂ ವಿವರವಾದ ವರದಿ ಬರೆಯುತ್ತಿದ್ದವರು. ನೂರು ಪುಟದ ಬೈಂಡಿಂಗ್ ವರದಿಯನ್ನು ಬಿಟ್ಟು, ಪ್ರತಿ ಮುಖ್ಯ ತೀರ್ಮಾನಕ್ಕೆ ಒಂದೊಂದು ಪುಟ ಬರೆಸಿದರೆ ಸಾಕು. ಎದುರಿಗೆ ಯಾವ ಯಾವ ದಾರಿಗಳಿದ್ದವು, ಯಾವುದನ್ನು ಆರಿಸಿದೆವು, ಏಕೆ, ಅದರಿಂದ ಏನನ್ನು ಕಳೆದುಕೊಂಡೆವು. ಕನ್ನಡದಲ್ಲಿ ಬರೆದರೂ ಉರ್ದುವಿನಲ್ಲಿ ಬರೆದರೂ ಒಪ್ಪಿಕೊಳ್ಳಬೇಕೆಂಬುದು ಭಾಷಾ ಶಿಕ್ಷಕರ ಆಸೆ, ಇಂಗ್ಲಿಷಿಗೆ ಆಮೇಲೆ ತಿರುಗಿಸಬಹುದು. ಅಂಕಗಳಲ್ಲಿ ಅರ್ಧ ಈ ಪುಟಗಳಿಗೆ ಮತ್ತು ತಂತಿ ಕಿತ್ತ ದಿನದ ಪರೀಕ್ಷೆಗೆ ಮೀಸಲಿರಲಿ. ಪರದೆಯ ಮೇಲಿನ ಬಣ್ಣಗಳಿಗೆ ಉಳಿದ ಅರ್ಧದಲ್ಲಿ ಸಣ್ಣ ಪಾಲು ಸಾಕು.

ಭದ್ರಾವತಿಯಲ್ಲಿ ದುಡಿದುದಕ್ಕಾಗಿ ವಿಶ್ವೇಶ್ವರಯ್ಯನವರಿಗೆ ಸಲ್ಲಬೇಕಿದ್ದ ಸಂಭಾವನೆಯ ಹಣ ದೊಡ್ಡ ಮೊತ್ತವಾಗಿತ್ತು. ಅದನ್ನು ಅವರು ತಾವು ಇಟ್ಟುಕೊಳ್ಳದೆ, ಕೈಕಸುಬು ಕಲಿಸುವ ಒಂದು ಸಂಸ್ಥೆ ಕಟ್ಟಲು ಬಳಸಬೇಕೆಂದು ಸರ್ಕಾರವನ್ನು ಕೇಳಿಕೊಂಡರು. ಸಂಸ್ಥೆಗೆ ಅವರ ಹೆಸರಿಡುವ ಸೂಚನೆ ಬಂದಾಗ ಒಪ್ಪದೆ ಮಹಾರಾಜರ ಹೆಸರಿಡಿಸಿದರು. 1940ರ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ಭದ್ರಾವತಿಯ ಕುಲುಮೆಯ ದುಡಿಮೆ ಹೀಗೆ ಬೆಂಗಳೂರಿನಲ್ಲಿ ಮಕ್ಕಳು ಕೈಯಾರೆ ಕೆಲಸ ಕಲಿಯುವ ಶಾಲೆಯಾಯಿತು.

ಕಾರ್ಖಾನೆಗೆ ಮುಂದೆ ಅವರ ಹೆಸರನ್ನೇ ಇಡಲಾಯಿತು. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಪ್ರಾಧಿಕಾರದ ಮಂಡಲಿ ಅದನ್ನು ಮುಚ್ಚುವ ತೀರ್ಮಾನ ಕೈಗೊಂಡಾಗ ಊರಿಗೆ ಊರೇ ಬೀದಿಗಿಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಗುತ್ತಿಗೆ ಕಾರ್ಮಿಕರ ಮನೆಗಳ ಸಂಕಟ ನಮ್ಮ ತರಗತಿಗಳವರೆಗೂ ಬಂತು.

1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದಾಗಲೂ ವಿಶ್ವೇಶ್ವರಯ್ಯನವರು ಅದರಲ್ಲಿ ತಮ್ಮ ಮನೆಯ ವಿಷಯಕ್ಕಿಂತ ಯೋಜನೆಗಳ ವಿಷಯವನ್ನೇ ಹೆಚ್ಚು ಬರೆದರು. ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮಾ ಬಳಿ ಗಂಗಾನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ವಿಚಾರದಲ್ಲಿ ಅವರ ಸಲಹೆ ಪಡೆಯಲಾಯಿತು. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್ ತಿಂಗಳಲ್ಲಿ, ನೂರು ವರ್ಷ ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು.